ದಿಲ್ಲಿಯ ತೀರ್ಪು ಲೈನ್ ಮನೆಗೆ ಬರೋದು ಯಾವಾಗ?

ವಿರಾಜಪೇಟೆಯ ಹೆಣ್ಣುಮಗಳೊಬ್ಬರು ದಿಲ್ಲಿ ಸರ್ಕಾರವನ್ನೇ ಕೋರ್ಟಿಗೆ ಎಳೆದ ಕತೆ ಕೊಡಗಿನ ಇವತ್ತಿನ ಹುಡುಗ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರ ಹೆಸರು ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ದೇಶದ ಮೊದಲ ಮಹಿಳೆ. ಮುಂದೆ ಹಂಗೇರಿಗೆ ರಾಯಭಾರಿಯಾದವರು.

ಆಗಿನ ಸೇವಾ ನಿಯಮ ಹೇಗಿತ್ತು ಗೊತ್ತೇ? ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅಪ್ಪಣೆ ಬೇಕು. ಮದುವೆಯಾದ ಮೇಲೆ ಸಂಸಾರದ ತಾಪತ್ರಯ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಕಂಡರೆ ರಾಜೀನಾಮೆ ಕೇಳಬಹುದು. ಗಂಡಸಿಗೆ ಮಾತ್ರ ಈ ನಿಯಮವಿಲ್ಲ. ಅವನಿಗೆ ಸಂಸಾರವೇ ಇರೋದಿಲ್ಲವೇನೋ!

ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಹಾಗಾಗಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಷ್ಟಕ್ಕೇ ಬಿಡಲಿಲ್ಲ. ಹೆಣ್ಣಿಗೆ ಸಂಸಾರ ಅಡ್ಡಿ ಅನ್ನೋದಾದರೆ ಗಂಡಿಗೂ ಅಡ್ಡಿಯೇ ಅಲ್ಲವೇ ಎಂಬುದು 1979ರ ಆ ತೀರ್ಪಿನ ತಿರುಳು. ಸೇವಾ ನಿಯಮಗಳಲ್ಲಿ ಅಂಟಿಕೊಂಡ ಈ ಕಳಂಕವನ್ನು ತೊಳೆಯಿರಿ ಎಂದು ಸರ್ಕಾರಕ್ಕೆ ತಾಕೀತೂ ಆಯಿತು.

1981ರಲ್ಲಿ ಗಗನಸಖಿಯರ ಕೇಸು. ಬಸುರಿಯಾದರೆ ಕೆಲಸದಿಂದ ತೆಗೆಯುವ ಏರ್ ಇಂಡಿಯಾ ನಿಯಮವನ್ನು ಕೋರ್ಟು ಕಿತ್ತೆಸೆಯಿತು. ಆದರೆ ಸೇರಿದ ನಾಲ್ಕು ವರ್ಷದೊಳಗೆ ಮದುವೆ ಕೂಡದು ಎಂಬುದನ್ನು ಹಾಗೇ ಬಿಟ್ಟಿತು! ಕೋರ್ಟಿನ ದಾರಿಯೂ ಒಂದೇ ನೆಗೆತಕ್ಕೆ ಮುಗಿಯುವುದಲ್ಲ.

1997ರಲ್ಲಿ ವಿಶಾಖಾ ತೀರ್ಪು. ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೊಳಗಾದ ರಾಜಸ್ಥಾನದ ಹಳ್ಳಿ ಕಾರ್ಯಕರ್ತೆಯೊಬ್ಬಳ ಸಂಕಟ ಅದರ ಹಿಂದಿತ್ತು. ದುಡಿಯುವ ಜಾಗದಲ್ಲಿ ಮಾನದಿಂದ ಇರೋದು ಹೆಣ್ಣಿನ ಸಂವಿಧಾನದತ್ತ ಹಕ್ಕು ಎಂದ ಸುಪ್ರೀಂ ಕೋರ್ಟು, ಕಾನೂನು ಬರುವವರೆಗೆ ಪಾಲಿಸಿ ಅಂತ ಸೂತ್ರಗಳನ್ನೂ ಕೊಟ್ಟಿತು. ಕಾನೂನು ಬಂದಿದ್ದು 2013ರಲ್ಲಿ. ಹದಿನಾರು ವರ್ಷ, ಸ್ವಾಮಿ!

ಇಷ್ಟೆಲ್ಲ ಪುರಾಣ ಈಗ ಯಾಕೆ? ಆ ಕಾನೂನು ನಮ್ಮ ಕಾಫಿ ತೋಟಕ್ಕೂ ಸೇರಿದ್ದು ಅನ್ನುವುದಕ್ಕೆ. ಹತ್ತು ಜನ ದುಡಿಯುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಸಮಿತಿ ಮಾಡದ ಮಾಲೀಕನಿಗೆ ಐವತ್ತು ಸಾವಿರದವರೆಗೆ ದಂಡ. ನಾಲ್ಕು ಜನರ ಹೋಂ ಸ್ಟೇ ಇರಲಿ, ಮನೆಗೆಲಸವಿರಲಿ, ಅಂಥವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ದೂರು ತೆಗೆದುಕೊಂಡು ಏಳು ದಿನದಲ್ಲಿ ಅಲ್ಲಿಗೆ ತಲುಪಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ. ಬರೆಯಲು ಬಾರದವಳಿಗೆ ಸಮಿತಿಯವರೇ ನೆರವಾಗಬೇಕು. ಮಾಲೀಕನೇ ದೂರಿಗೊಳಗಾದರೂ ಈ ಸಮಿತಿಗೇ ಹೋಗಬಹುದು.

ಕಾಗದದ ಮೇಲೆ ಎಲ್ಲಾ ಚೆಂದ. ಆದರೆ ಲೈನ್ ಮನೆಯ ಹೆಣ್ಣಾಳನ್ನು ಕೇಳಿ ನೋಡಿ: ತೋಟದ ರೈಟರೋ ಮೇಸ್ತ್ರಿಯೋ ಕೈ ಹಿಡಿದೆಳೆದರೆ ಎಲ್ಲಿಗೆ ಹೋಗ್ತೀಯಮ್ಮಾ? ಆ ನೋಡಲ್ ಅಧಿಕಾರಿಯ ಹೆಸರು ಆಕೆಗೆ ಯಾರು ಹೇಳಿದ್ದಾರೆ? ದೂರಿಗೆ ಇರುವ ಗಡುವು ಮೂರು ತಿಂಗಳು. ಸಕಾರಣವಿದ್ದರೆ ಸಮಿತಿ ಇನ್ನೊಂದು ಮೂರು ತಿಂಗಳು ಕೊಡಬಹುದು. ಆದರೆ ಕೊಯ್ಲಿಗೆ ಅಂತ ದೂರದಿಂದ ಬಂದವಳು ಅಷ್ಟರಲ್ಲಿ ಗಂಟುಮೂಟೆ ಕಟ್ಟಿ ಹೊರಟಿರುತ್ತಾಳೆ.

ಜಿಲ್ಲಾಡಳಿತ ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಸಮಿತಿಯವರ, ನೋಡಲ್ ಅಧಿಕಾರಿಗಳ ಹೆಸರು, ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆಸಿ ಬಸ್ ಸ್ಟ್ಯಾಂಡು, ನ್ಯಾಯಬೆಲೆ ಅಂಗಡಿ, ಆಸ್ಪತ್ರೆ ಗೋಡೆಗೆ ಹಾಕಿಸಲಿ. ಕನ್ನಡದ ಜೊತೆಗೆ ಕೂಲಿಯವರು ಆಡುವ ಭಾಷೆಯಲ್ಲೂ ಇರಲಿ. ಸಮಿತಿ ರಚಿಸಿದ ಆದೇಶವನ್ನು ಕಾಣುವ ಜಾಗದಲ್ಲಿ ಹಾಕದ ಮಾಲೀಕರಿಗೆ ನೋಟಿಸು ಹೋಗಲಿ.

ಮುತ್ತಮ್ಮ ಓದಿದವರು, ದಿಲ್ಲಿಯ ದಾರಿ ಬಲ್ಲವರು. ಸುಪ್ರೀಂ ಕೋರ್ಟಿನ ಬಾಗಿಲನ್ನೇ ತಟ್ಟಿದರು. ಮೆಣಸು ಕೊಯ್ಯುವ ಹೆಣ್ಣಿಗೆ ತಾಲ್ಲೂಕು ಕಚೇರಿಯ ಬಾಗಿಲಾದರೂ ಗೊತ್ತಾಗಬೇಡವೇ?