ಒಂದೆಲಗದ ಪಾಠಕ್ಕೆ ನಾಲ್ಕು ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲೆಗಳಲ್ಲಿ ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವ ನನಗೆ ಔಷಧೀಯ ಸಸ್ಯಗಳ ಪಾಠ ಚಿರಪರಿಚಿತ. ಪ್ರಶಿಕ್ಷಣಾರ್ಥಿ ಒಂದೆಲಗದ ಎಲೆ ತೋರಿಸಿ, “ಇದು ಬ್ರಾಹ್ಮಿ. ತಿಂದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ, ವಿಜ್ಞಾನವೂ ಒಪ್ಪಿದೆ” ಎನ್ನುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ. ನೈಜ ವಸ್ತು ತಂದಿದ್ದಕ್ಕೆ ನಾನೂ ಒಳ್ಳೆಯ ಅಂಕ ಕೊಟ್ಟಿದ್ದೇನೆ. ಈ ಸಲ ಏಳನೇ ತರಗತಿಯ ಹುಡುಗಿಯೊಬ್ಬಳು, “ಪರೀಕ್ಷೆ ದಿನ ಬೆಳಿಗ್ಗೆ ತಿಂದರೆ ಸಾಕಾ ಮಿಸ್?” ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ನನ್ನತ್ತ ನೋಡಿದರು. ನನ್ನಲ್ಲೂ ಉತ್ತರವಿರಲಿಲ್ಲ. ಆಮೇಲೆ ಓದಿದೆ.

ಮೊದಲಿಗೆ ಹೆಸರಿನ ಗೊಂದಲ. ನಾವು ಚಟ್ನಿ ಅರೆಯುವ ಒಂದೆಲಗ ಸೆಂಟೆಲ್ಲಾ ಏಷ್ಯಾಟಿಕಾ. ಆದರೆ ಬ್ರಾಹ್ಮಿಯ ಹೆಸರಿನಲ್ಲಿ ಉಲ್ಲೇಖವಾಗುವ ಪ್ರಯೋಗಗಳಲ್ಲಿ ಹೆಚ್ಚಿನವು ನೀರುಬ್ರಾಹ್ಮಿಯ, ಅಂದರೆ ಬಕೋಪಾ ಮೊನಿಯೇರಿಯ ಸಾರದ ಮೇಲೆ ನಡೆದವು. ಹೆಸರು ಒಂದೇ ಆದ್ದರಿಂದ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸುತ್ತೇವೆ.

ಇನ್ನು ಫಲಿತಾಂಶ. ಆಸ್ಟ್ರೇಲಿಯಾದಲ್ಲಿ 40ರಿಂದ 65 ವರ್ಷದ 76 ಮಂದಿಯಲ್ಲಿ ಕೆಲವರಿಗೆ ನೀರುಬ್ರಾಹ್ಮಿ ಸಾರವನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಮೂರು ತಿಂಗಳು ಕೊಟ್ಟು ನೋಡಿದ ವರದಿ 2002ರಲ್ಲಿ ಬಂತು. ಸಾರ ಸೇವಿಸಿದವರಲ್ಲಿ ಹೊಸದಾಗಿ ಕಲಿತದ್ದನ್ನು ಮರೆಯುವುದು ಕಡಿಮೆಯಾಗಿತ್ತು. ಕಲಿಯುವ ವೇಗವೇನೂ ಹೆಚ್ಚಿರಲಿಲ್ಲ. 2001ರ ಇನ್ನೊಂದು ಪ್ರಯೋಗದಲ್ಲಿ ಒಂದೇ ಸಲ ಕೊಟ್ಟು ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಇವೆರಡೂ ವಯಸ್ಕರ ಮೇಲಿನ ಸಣ್ಣ ಪ್ರಯೋಗಗಳು. ಬಳಸಿದ್ದು ಅಳತೆಯ ಸಾರ, ಹಿತ್ತಲಿನ ಎಲೆಯಲ್ಲ.

ಹಾಗೆಂದು ಎಲೆಯನ್ನು ತರಗತಿಯಿಂದ ಹೊರಗಿಡಬೇಕಿಲ್ಲ. ಅಜ್ಜಿಯ ತಿಳಿವಳಿಕೆಯನ್ನು ಮೂಢನಂಬಿಕೆ ಎಂದು ತಳ್ಳುವುದೂ, ಅದಕ್ಕೆ ವಿಜ್ಞಾನದ ಮೊಹರು ಒತ್ತುವುದೂ ಅವಸರವೇ. ಪಾಠಯೋಜನೆಯಲ್ಲಿ ನಾಲ್ಕು ಪ್ರಶ್ನೆಗಳಿರಲಿ: ಯಾವ ಗಿಡ? ಯಾರಿಗೆ ಕೊಟ್ಟರು? ಎಷ್ಟು ದಿನ? ಯಾರೊಂದಿಗೆ ಹೋಲಿಸಿದರು? ಹುಸಿಗುಳಿಗೆ ಏಕೆ ಬೇಕಾಯಿತೆಂದು ಮಕ್ಕಳೇ ಯೋಚಿಸಲಿ.

ನೆನಪನ್ನು ಗಟ್ಟಿ ಮಾಡುವ ಒಂದು ದಾರಿ ಶಿಕ್ಷಕರ ಕೈಯಲ್ಲೇ ಇದೆ. 2006ರಲ್ಲಿ ಪ್ರಕಟವಾದ ರೋಡಿಗರ್ ಮತ್ತು ಕಾರ್ಪಿಕೆ ಅವರ ಪ್ರಯೋಗದಲ್ಲಿ, ಪಠ್ಯವನ್ನು ಮತ್ತೆ ಓದಿದವರಿಗಿಂತ ನೋಡದೆ ನೆನಪಿನಿಂದ ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಪಾಠದ ಆರಂಭದಲ್ಲಿ ಪುಸ್ತಕ ಮುಚ್ಚಿಸಿ ನಿನ್ನೆಯ ಮೂರು ಅಂಶ ಬರೆಸಲು ಐದು ನಿಮಿಷ ಸಾಕು.

ಮರುವಾರ ಆ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ, “ಹೋದ ವಾರ ನಾನು ಪೂರ್ತಿ ತಿಳಿಯದೆ ಹೇಳಿದ್ದೆ” ಎಂದು ಪಾಠ ಶುರು ಮಾಡಿದರು. ಅವಲೋಕನ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ. ಇರಬೇಕಿತ್ತು.