ಉಪಸ್ಥಿತರಿದ್ದರು!

ಆಗಸ್ಟ್ 17ರ ಪೇಪರಿನ ಜಿಲ್ಲಾ ಪುಟ ತೆಗೆದು ನೋಡಿ (16ಕ್ಕೆ ಪೇಪರ್ ಇರಲ್ಲ, ರಜೆ). ಯಾವ ಊರಾದರೂ ಸರಿ, ಯಾವ ವರ್ಷವಾದರೂ ಸರಿ, ಒಂದು ಸುದ್ದಿ ಇದ್ದೇ ಇರುತ್ತೆ. ಸೇವಾ ಕ್ಲಬ್ಬಿನ ವತಿಯಿಂದ ಸರ್ಕಾರಿ ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆ, ಮಕ್ಕಳಿಗೆ ನೋಟ್‌ಬುಕ್ ಮತ್ತು ಸಿಹಿ ವಿತರಣೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ನಿಕಟಪೂರ್ವ ಅಧ್ಯಕ್ಷರು ಮುಂತಾದವರು ಉಪಸ್ಥಿತರಿದ್ದರು. ಫೋಟೋದಲ್ಲಿ ಎಂಟು ಜನ ದೊಡ್ಡವರು ಸೇರಿ ಒಂದು ನೋಟ್‌ಬುಕ್ ಹಿಡಿದಿರುತ್ತಾರೆ. ಅದರ ಇನ್ನೊಂದು ತುದಿಯಲ್ಲಿ ಒಂದು ಮಗು.

ಎಲ್ಲರೂ ಉಪಸ್ಥಿತರಿದ್ದ ಆ ಸುದ್ದಿಯಲ್ಲಿ ಗೈರುಹಾಜರಾಗಿರೋದು ಆಗಸ್ಟ್ 15 ಒಂದೇ.

ನೋಟ್‌ಬುಕ್ ಬೇಡ ಅಂತ ನಾನು ಹೇಳ್ತಿಲ್ಲ. ಹಳ್ಳಿ ಸರ್ಕಾರಿ ಶಾಲೆಯಲ್ಲಿ ಓದಿದವನು ನಾನು, ನೂರು ಪುಟದ ನೋಟ್‌ಬುಕ್ಕಿನ ಬೆಲೆ ನನಗೆ ಗೊತ್ತು. ನನ್ನ ತಕರಾರು ಇರೋದು ಅದರ ಜೊತೆ ಬರುವ ಭಾಷಣದ ಮೇಲೆ. ಬ್ರಿಟಿಷರು, ಗಾಂಧೀಜಿ, ಮಧ್ಯರಾತ್ರಿ, ಜೈ ಹಿಂದ್. ನಾಲ್ಕು ನಿಮಿಷಕ್ಕೆ ಮುಗೀತು. ಈ ಭಾಷಣವನ್ನ ಬೀದರಿನಲ್ಲೂ ಮಾಡಬಹುದು, ಮಂಡ್ಯದಲ್ಲೂ ಮಾಡಬಹುದು. ಸಮಸ್ಯೆ ಇರೋದೇ ಅಲ್ಲಿ.

ಯಾಕಂದ್ರೆ ಬೀದರಿಗೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬರಲೇ ಇಲ್ಲ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲಿದ್ದವು. ಅಲ್ಲಿನ ಜನ 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ಹಳೇ ಮೈಸೂರಿನ ಕಥೆ ಇನ್ನೊಂದು ಥರ. ಮಹಾರಾಜರು ಭಾರತ ಒಕ್ಕೂಟ ಸೇರಲು ಸಹಿ ಹಾಕಿದ್ದರು, ಆದರೆ ಜನರಿಗೆ ಜವಾಬ್ದಾರಿ ಸರ್ಕಾರ ಕೊಟ್ಟಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಜನ 'ಮೈಸೂರು ಚಲೋ' ಅಂತ ಬೀದಿಗಿಳಿದರು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಪೊಲೀಸರ ಗುಂಡಿಗೆ ಸತ್ತ. ಗಮನಿಸಿ, ದೇಶ ಸ್ವತಂತ್ರವಾದ ಮೇಲೆ. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್‌ನಲ್ಲಿ. ರಾಮಸ್ವಾಮಿ ಸರ್ಕಲ್ ದಾಟಿ ದಿನಾ ಕ್ಯಾಂಪಸ್ಸಿಗೆ ಹೋಗೋ ಎಷ್ಟು ಇಂಜಿನಿಯರುಗಳಿಗೆ ಆ ಹೆಸರು ಯಾರದ್ದು ಅಂತ ಗೊತ್ತಿದೆ?

ಬಾವುಟದ ಕಥೆಯೂ ಹಾಗೇ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ವೀಕೆಂಡಿಗೆ ಬೈಕ್ ತಗೊಂಡು ನಂದಿ ಬೆಟ್ಟಕ್ಕೆ ಹೋಗ್ತೀವಲ್ಲ, ಇನ್ನಷ್ಟು ದೂರ ಹೋದರೆ ಸಿಗುವ ಊರು ಅದು. ಇವತ್ತು ಕ್ಲಬ್ಬಿನವರು ಬಂಡಲ್‌ಗಟ್ಟಲೆ ಪಾಲಿಯೆಸ್ಟರ್ ಬಾವುಟ ಹಂಚ್ತಾರೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾದ ಮೇಲೆ ಅದು ಕಾನೂನುಬದ್ಧವೇ. ಆದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಒಂದು ಆರ್ಡರ್ ಕೊಟ್ಟರೆ ಅದಕ್ಕಿಂತ ದೊಡ್ಡ ಸೇವೆ ಯಾವುದು?

'ಅಷ್ಟಾದರೂ ಮಾಡ್ತಾರಲ್ಲಪ್ಪಾ, ನೀವೇನ್ ಮಾಡಿದ್ರಿ?' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅವರಿಗೆ ಇನ್ನೂ ಹೆಚ್ಚು ಮಾಡೋ ತಾಕತ್ತಿದೆ ಅಂತಲೇ ನನ್ನ ಸಿಟ್ಟು. ರೋಟರಿ 1985ರಲ್ಲಿ ಪೋಲಿಯೋ ಹಿಂದೆ ಬಿತ್ತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲರೂ ಕೈಜೋಡಿಸಿ ದುಡಿದದ್ದಕ್ಕೆ 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಅನ್ನಿಸಿಕೊಂಡಿತು. ಹೆಚ್ಚುಕಮ್ಮಿ ಮೂವತ್ತು ವರ್ಷ ಒಂದೇ ಕೆಲಸಕ್ಕೆ ಕಚ್ಚಿಕೊಂಡು ಕೂತ ಪರಂಪರೆ ಇರೋರು ಮೂವತ್ತು ನಿಮಿಷದ ಫೋಟೋಗೆ ತೃಪ್ತಿಪಟ್ಟುಕೊಂಡರೆ ಹೇಗೆ?

ಈ ಮಾತು ನಮಗೂ ಸೇರಿದ್ದು. ಆಫೀಸಿನ ಸಿಎಸ್‌ಆರ್ ತಂಡದ ಜೊತೆ ಬಸ್ ಹತ್ತಿ, ಟೀ ಶರ್ಟ್ ಹಾಕ್ಕೊಂಡು, ಗೋಡೆಗೆ ಬಣ್ಣ ಬಳಿದು, ಸಂಜೆಯೊಳಗೆ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕೋರು ಯಾರು? ನಾವೇ ತಾನೇ?

ಮಾಡಬೇಕಾದ ಕೆಲಸ ಕಣ್ಣೆದುರೇ ಇದೆ. 1947ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಹತ್ತಿರ. ಪ್ರತಿ ಊರಲ್ಲೂ ಅಂಥ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಜಗಲಿ ಮೇಲೆ ಕೂತಿರಬಹುದು. ಅವರನ್ನ ಶಾಲೆಗೆ ಕರೆಸಿ, ಕುರ್ಚಿ ಕೊಡಿ, ಮೈಕು ಕೊಡಿ. 'ಆವತ್ತು ನಮ್ಮೂರಲ್ಲಿ ಏನಾಯ್ತು?' ಅಂತ ಮಕ್ಕಳೇ ಕೇಳಲಿ. ನಮ್ಮ ಕೈಯಲ್ಲಿರೋ ಮೊಬೈಲು ರೆಕಾರ್ಡ್ ಮಾಡಲಿ. ಏನೂ ಆಗಲಿಲ್ಲ, ಆವತ್ತೂ ಗದ್ದೆಗೇ ಹೋಗಿದ್ವಿ ಅಂದರೆ ಅದೂ ಇತಿಹಾಸವೇ. ನೋಟ್‌ಬುಕ್ಕನ್ನೂ ಕೊಡಿ. ಮಕ್ಕಳು ಕೇಳಿದ್ದನ್ನ ಬರೆದುಕೊಳ್ಳೋಕೆ ಬೇಕಾಗುತ್ತೆ.

ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣ ಅನ್ನಬೇಡಿ. ಮುಂದಿನ ವರ್ಷ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಉಪಸ್ಥಿತರಿರುತ್ತಾರೆ. ಅಜ್ಜಿ ಇರ್ತಾಳೆ ಅಂತ ಹೇಳೋಕಾಗಲ್ಲ.