ಹಳೆಯ ಕಾರಿಗೆ ಬಿಡಿಭಾಗ ಎಲ್ಲಿಂದ ಬರುತ್ತದೆ?

ಮನೆಯ ಮಿಕ್ಸಿ ಜಾರಿನ ರಬ್ಬರ್ ವಾಷರ್ ಹಾಳಾದರೆ ಏನು ಮಾಡುತ್ತೇವೆ? ಹಳೆಯ ವಾಷರನ್ನೇ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ, 'ಇದೇ ಅಳತೆಯದು ಕೊಡಿ' ಎನ್ನುತ್ತೇವೆ. 'ಈ ಮಾಡೆಲ್ಲು ಈಗ ಬರುವುದಿಲ್ಲ ಸಾರ್, ಹೊಸದನ್ನೇ ತೆಗೆದುಕೊಳ್ಳಿ' ಎಂಬ ಉತ್ತರ ಬಂದರೆ ಮುಖ ಸಪ್ಪೆ ಮಾಡಿಕೊಂಡು ಹಿಂದಿರುಗುತ್ತೇವೆ. ಕೆಲವೇ ರೂಪಾಯಿಯ ವಾಷರ್ ಸಿಗದ ಕಾರಣಕ್ಕೆ ಸಾವಿರಾರು ರೂಪಾಯಿಯ ಯಂತ್ರ ಗುಜರಿಗೆ!

ಹಾಗಾದರೆ ತಯಾರಿಕೆ ನಿಂತು ನಾಲ್ಕು ದಶಕ ದಾಟಿದ ಕಾರಿಗೆ ಬಿಡಿಭಾಗ ಎಲ್ಲಿಂದ ತರುವುದು? ಅದು ಛಾವಣಿ ಮಡಚುವ, ಅಂದರೆ ಕನ್ವರ್ಟಿಬಲ್ ಕಾರಾದರೆ ಪ್ರಶ್ನೆ ಇನ್ನೂ ಕಠಿಣ. ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್ನಿನ 'ಎಂಜಿಬಿ'. ಇಂದು ನಮ್ಮ ರಸ್ತೆಗಳಲ್ಲಿ ಎಂಜಿ ಎಂಬ ಹೆಸರಿನ ಕಾರುಗಳನ್ನು ಮಕ್ಕಳು ನೋಡಿರುತ್ತಾರೆ. ಆ ಹೆಸರಿನ ಮೂಲ ಆಕ್ಸ್‌ಫರ್ಡ್ ಪಟ್ಟಣದ ಮಾರಿಸ್ ಗ್ಯಾರೇಜಸ್. ಎಂಜಿಬಿ 1962ರಲ್ಲಿ ಹೊರಬಂತು. ಆಬಿಂಗ್ಡನ್ ಎಂಬಲ್ಲಿಯ ಕಾರ್ಖಾನೆಯಲ್ಲಿ 1980ರವರೆಗೆ ತಯಾರಾಯಿತು. ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ ಒಟ್ಟು ಸಂಖ್ಯೆ ಐದು ಲಕ್ಷ ದಾಟಿತು. ಬಹುಪಾಲು ಕಾರುಗಳು ಅಮೆರಿಕಕ್ಕೆ ಹೋದವು.

ಮುಚ್ಚಳವಿಲ್ಲದ ಪೆಟ್ಟಿಗೆ

ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಮೈಯೇ ಅದರ ಬೆನ್ನೆಲುಬು. ಸಾಮಾನ್ಯ ಕಾರಿನಲ್ಲಿ ಛಾವಣಿಯೂ ಭಾರ ಹೊರುವುದರಲ್ಲಿ ಪಾಲುದಾರ. ಛಾವಣಿಯೇ ಇಲ್ಲದಿದ್ದರೆ? ಆಗ ಹೊಣೆಯೆಲ್ಲ ನೆಲದ ಮೇಲೆ, ಅದರಲ್ಲೂ ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ 'ಸಿಲ್' ಎಂಬ ಪೆಟ್ಟಿಗೆಯಾಕಾರದ ಪಟ್ಟಿಯ ಮೇಲೆ ಬೀಳುತ್ತದೆ. ಮನೆಯ ಭಾಷೆಯಲ್ಲಿ ಹೇಳುವುದಾದರೆ ಅದು ಕಾರಿನ ಹೊಸ್ತಿಲು. ನಮ್ಮ ಹೊಸ್ತಿಲನ್ನು ತೆಗೆದರೆ ಮನೆ ಬೀಳುವುದಿಲ್ಲ. ಇದರ ಹೊಸ್ತಿಲು ಹೋದರೆ ಕಾರು ನಡುವೆಯೇ ಬಾಗುತ್ತದೆ!

ಬ್ರಿಟನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಸಿಲ್ ಒಳಗಿನಿಂದಲೇ ತುಕ್ಕು ತಿನ್ನುವುದರಿಂದ ಹೊರಗೆ ಬಣ್ಣ ಫಳಫಳಿಸುತ್ತಿದ್ದರೂ ಒಳಗೆ ಬರೀ ಪುಡಿ ಇರಬಹುದು. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಮಾರುವವರೂ ಉಂಟು. ಅಂಥ ಕಾರಿಗೆ ಪಕ್ಕದಿಂದ ಇನ್ನೊಂದು ವಾಹನ ಗುದ್ದಿದರೆ ಒಳಗೆ ಕುಳಿತವರನ್ನು ಕಾಯುವುದು ಆ ಪುಟ್ಟಿಯೇ? ಆದ್ದರಿಂದ ತಿಳಿದವರು ಮೊದಲು ಹುಡುಕುವುದು ಹೊಳೆಯುವ ದೀಪವನ್ನಲ್ಲ, ಸಿಲ್ಲಿನ ತಗಡನ್ನು.

ಹೊಸ ತಗಡು ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಹಳೆಯ ಸಿಲ್ಲನ್ನು ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆಧಾರವೊಂದನ್ನು ಬೆಸುಗೆ ಹಾಕಬೇಕು. ಇಲ್ಲದಿದ್ದರೆ ಮೈ ಕುಸಿದು, ಮುಂದೆ ಬಾಗಿಲು ಹಾಕಲೂ ಆಗದು, ತೆಗೆಯಲೂ ಆಗದು.

ಅಚ್ಚುಗಳು ಉಳಿದಿದ್ದವು

ತಗಡಿನ ಭಾಗಗಳು ಹುಟ್ಟುವುದು ಭಾರೀ ಉಕ್ಕಿನ ಅಚ್ಚುಗಳ ನಡುವೆ. ಕಾರ್ಖಾನೆ ಮುಚ್ಚಿದ ಮೇಲೆ ಇಂಥ ಅಚ್ಚುಗಳು ಸಾಮಾನ್ಯವಾಗಿ ಗುಜರಿ ಸೇರಿ ಕುಲುಮೆಯಲ್ಲಿ ಕರಗುತ್ತವೆ. ಅಚ್ಚು ಕರಗಿದರೆ ಆ ಭಾಗದ ಕಥೆಯೂ ಅಲ್ಲಿಗೆ ಮುಗಿಯಿತು. ಎಂಜಿಬಿಯ ಅದೃಷ್ಟ ಚೆನ್ನಾಗಿತ್ತು. 1975ರಲ್ಲಿ ಹುಟ್ಟಿದ 'ಬ್ರಿಟಿಷ್ ಮೋಟಾರ್ ಹೆರಿಟೇಜ್' ಎಂಬ ಸಂಸ್ಥೆ ಉಳಿದಿದ್ದ ಮೂಲ ಅಚ್ಚುಗಳನ್ನು ಕೂಡಿಸಿಕೊಂಡು, 1988ರಲ್ಲಿ ಎಂಜಿಬಿಯ ಇಡೀ ಮೈಯನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿತು! ಕಾರು ನಿಂತು ಎಂಟು ವರ್ಷದ ಮೇಲೆ ಅದರ ಮೈ ಮರುಹುಟ್ಟು ಪಡೆಯಿತು. ಇದರಿಂದ ಇನ್ನೊಂದು ಸೋಜಿಗವೂ ಆಯಿತು. 1992ರಲ್ಲಿ ಪ್ರಕಟವಾದ 'ಆರ್‌ವಿ8' ಎಂಬ ಹೊಸ ಕಾರನ್ನು ಇದೇ ಮೈಯ ಆಧಾರದ ಮೇಲೆ ಕಟ್ಟಲಾಯಿತು. ಸುಮಾರು ಎರಡು ಸಾವಿರ ಕಾರುಗಳಾದವು, ಹೆಚ್ಚಿನವು ಜಪಾನಿಗೆ ಹೋದವು. ಬಿಡಿಭಾಗಕ್ಕೆಂದು ಕಾಪಾಡಿದ ಅಚ್ಚು ಹೊಸ ಕಾರನ್ನೇ ಹೆತ್ತಿತು!

ಇನ್ನೊಂದು ದಾರಿ ಹಳೆಯ ಕಾರುಗಳಿಂದಲೇ ಭಾಗ ಬಿಚ್ಚುವುದು. ಅಮೆರಿಕದ ಕ್ಯಾಲಿಫೋರ್ನಿಯಾ, ಅರಿಜೋನಾಗಳಂಥ ಒಣಹವೆಯ ಸೀಮೆಗೆ ಹೋಗಿದ್ದ ಕಾರುಗಳಿಗೆ ತುಕ್ಕು ಹಿಡಿದದ್ದು ಕಡಿಮೆ. ಅಲ್ಲಿಂದ ಎಷ್ಟೋ ಕಾರುಗಳು ತವರಿಗೆ ಮರಳಿವೆ. ಆದರೆ ಅಲ್ಲಿಯ ಬಿಸಿಲು ಬಟ್ಟೆ, ರಬ್ಬರು, ಪ್ಲಾಸ್ಟಿಕ್ಕುಗಳನ್ನು ಬಿಟ್ಟಿರುವುದಿಲ್ಲ. ಒಂದೆಡೆ ನೀರಿನ ಕಾಟ, ಇನ್ನೊಂದೆಡೆ ಬಿಸಿಲಿನ ಕಾಟ.

ನಂಬರು ಓದಲು ಕಲಿಯಿರಿ

ಹದಿನೆಂಟು ವರ್ಷ ಒಂದೇ ಹೆಸರಿನಲ್ಲಿ ಬಂದರೂ ಈ ಕಾರು ಒಳಗೊಳಗೇ ಬದಲಾಗುತ್ತಿತ್ತು. ಆದ್ದರಿಂದ 'ಎಂಜಿಬಿಯ ಕ್ರ್ಯಾಂಕ್ ಶಾಫ್ಟ್ ಕೊಡಿ' ಎಂದರೆ ಸಾಲದು. 1964ರವರೆಗಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿಗೆ ಮೂರು ಮುಖ್ಯ ಬೇರಿಂಗುಗಳು, ಆಮೇಲೆ ಐದು. 1974ರವರೆಗೆ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿ ಜೋಡಿಸಿದ್ದವು, ಆಮೇಲೆ 12 ವೋಲ್ಟಿನ ಒಂದೇ ಬ್ಯಾಟರಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು 1967ರ ಬದಲಾವಣೆಯಲ್ಲಿ. ಅದುವರೆಗೆ ಬ್ಯಾಟರಿಯ ಧನಾಗ್ರವನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. ಆ ವರ್ಷ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಋಣಾಗ್ರ ಮೈಗೆ ಸೇರಿತು. ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂಬ ಪಾಠ ನೆನಪಿದೆಯಲ್ಲ? ಆಲ್ಟರ್ನೇಟರಿನೊಳಗೆ ಡಯೋಡುಗಳಿವೆ. ಹಳೆಯ ಕ್ರಮದ ಕಾರಿಗೆ ಅದನ್ನು ಹಾಗೆಯೇ ಜೋಡಿಸಿದರೆ ಡಯೋಡುಗಳು ಸುಟ್ಟುಹೋಗುತ್ತವೆ.

ಇದಕ್ಕೆಲ್ಲ ಬೀಗದ ಕೈ ಎಂದರೆ ಕಾರಿನ ನಂಬರು. ನೋಂದಣಿಯ ನಂಬರಲ್ಲ, ಕಾರ್ಖಾನೆಯವರು ಕೊಟ್ಟದ್ದು. 'ಜಿಎಚ್‌ಎನ್5' ಎಂದಿದ್ದರೆ 'ಜಿ' ಎಂದರೆ ಎಂಜಿ, 'ಎಚ್' ಎಂದರೆ ಎಂಜಿನ್ನಿನ ಗಾತ್ರದ ವರ್ಗ, 'ಎನ್' ಎಂದರೆ ಎರಡು ಸೀಟಿನ ತೆರೆದ ಕಾರು, ಕೊನೆಯ ಅಂಕಿ ಎಷ್ಟನೆಯ ಪೀಳಿಗೆ ಎಂಬುದು. ಗೇಡನ್ ಎಂಬ ಊರಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ನಂಬರು ಕೊಟ್ಟು ಶುಲ್ಕ ಕಟ್ಟಿದರೆ ಆ ಕಾರು ಹುಟ್ಟಿದ ದಿನ, ಮೊದಲ ಬಣ್ಣ ಮುಂತಾದ ವಿವರಗಳ ಪ್ರಮಾಣಪತ್ರ ಸಿಗುತ್ತದೆ. ಜಾತಕ ಇದ್ದ ಹಾಗೆ!

ಕೂದಲೆಳೆಯ ವ್ಯತ್ಯಾಸ

ಈಗ ಸ್ವಲ್ಪ ಲೆಕ್ಕ. ಈ ಕಾರಿನ ಬಹುತೇಕ ಬೋಲ್ಟುಗಳು ಇಂಚಿನ ಅಳತೆಯವು. ಅವುಗಳಲ್ಲೊಂದು 5/16 ಇಂಚಿನದು. ಇಂಚಿಗೆ 25.4 ಮಿ.ಮೀ. ಹಿಡಿದರೆ ಅದರ ವ್ಯಾಸ 7.94 ಮಿ.ಮೀ. ಇಂದಿನ ಮೆಟ್ರಿಕ್ ಬೋಲ್ಟು 8 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣದು. ಆದರೆ ಹಳೆಯದರಲ್ಲಿ ಇಂಚಿಗೆ 24 ಎಳೆಗಳು, ಅಂದರೆ ಎಳೆಯಿಂದ ಎಳೆಗೆ 1.06 ಮಿ.ಮೀ. ಸಾಮಾನ್ಯ 8 ಮಿ.ಮೀ. ಬೋಲ್ಟಿನಲ್ಲಿ ಅದು 1.25 ಮಿ.ಮೀ. ಒಂದನ್ನು ಇನ್ನೊಂದರ ನಟ್ಟಿಗೆ ಹಾಕಿದರೆ ಮೊದಲ ಒಂದೆರಡು ಸುತ್ತು ಹೋದಂತಾಗಿ ಬಿಗಿಯುತ್ತದೆ. ಬಲ ಹಾಕಿ ತಿರುವಿದರೆ ಎಳೆಗಳೇ ಕಿತ್ತುಬರುತ್ತವೆ. ಸ್ಪ್ಯಾನರಿಗೆ ಬಿಗಿ ಎನಿಸಿದ ಬೋಲ್ಟು ರಸ್ತೆಯಲ್ಲಿ ಕಳಚಿದರೆ ಯಾರನ್ನು ಕೇಳುವುದು?

ನಮ್ಮ ಅಂಬಾಸಿಡರ್ ಕಾರಿಗೂ ಎಂಜಿಬಿಗೂ ಒಂದು ನೆಂಟಸ್ತಿಕೆ ಇದೆ. ಅಂಬಾಸಿಡರಿನಲ್ಲಿ ಬಹುಕಾಲ ಇದ್ದ 1489 ಸಿ.ಸಿ. ಎಂಜಿನ್ನೂ ಎಂಜಿಬಿಯ 1798 ಸಿ.ಸಿ. ಎಂಜಿನ್ನೂ 'ಬಿ ಸೀರೀಸ್' ಎಂಬ ಒಂದೇ ಮನೆತನದವು. ಎರಡರಲ್ಲೂ ಪಿಸ್ಟನ್ನು ಚಲಿಸುವ ದೂರ 88.9 ಮಿ.ಮೀ. ಆದರೆ ಸಿಲಿಂಡರಿನ ವ್ಯಾಸ ಒಂದರಲ್ಲಿ ಸುಮಾರು 73 ಮಿ.ಮೀ., ಇನ್ನೊಂದರಲ್ಲಿ 80.26 ಮಿ.ಮೀ. ಆದ್ದರಿಂದ ಒಂದರ ಪಿಸ್ಟನ್ನು ಇನ್ನೊಂದಕ್ಕೆ ನಡೆಯದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕುವವರೂ ನೆನಪಿಡಬೇಕಾದ ಮಾತು ಇದು: ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಅಳತೆ ಕೂಡುವುದಿಲ್ಲ, ಕ್ಯಾಲಿಪರ್ ಹಿಡಿದೇ ನೋಡಬೇಕು.

'ಹಳೆಯದಾದರೂ ಹೊಸದು' ನಂಬಬಹುದೇ?

ಕೆಲವೊಮ್ಮೆ ಐವತ್ತು ವರ್ಷದ ಹಿಂದೆ ತಯಾರಾಗಿ, ಪೊಟ್ಟಣ ಒಡೆಯದೆ ಉಳಿದ ಭಾಗಗಳು ಸಿಗುತ್ತವೆ. ಗೇರಿನ ಹಲ್ಲುಚಕ್ರವಾದರೆ ಸಂತೋಷ. ಉಕ್ಕು ಒಣ ಜಾಗದಲ್ಲಿ ಎಣ್ಣೆ ಸವರಿಸಿಕೊಂಡು ಕೂತಿದ್ದರೆ ಕೆಡುವುದಿಲ್ಲ. ಆದರೆ ರಬ್ಬರು ಉಪಯೋಗಿಸದಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಜೋನುಗಳು ಅದರ ಉದ್ದುದ್ದ ಅಣುಸರಪಳಿಗಳನ್ನು ಕಡಿಯುತ್ತವೆ. ಛಾವಣಿಯ ಪಿವಿಸಿ ಬಟ್ಟೆಯೂ ಹಾಗೆಯೇ. ಅದನ್ನು ಮೆದುವಾಗಿಟ್ಟ ರಾಸಾಯನಿಕ ನಿಧಾನವಾಗಿ ಹೊರಟುಹೋದಂತೆ ಬಟ್ಟೆ ಬಿರುಸಾಗಿ, ಮಡಿಕೆಯಲ್ಲಿ ಬಿರಿಯುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿಯಾಗುತ್ತದೆ.

ಹಳೆಯ ದಾಸ್ತಾನಿನ ಬ್ರೇಕ್ ಪ್ಯಾಡುಗಳನ್ನಂತೂ ದೂರವಿಡಬೇಕು. ಆ ಕಾಲದ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಬ್ರಿಟನ್ನಿನಲ್ಲಿ 1999ರಲ್ಲಿ ಅದರ ಮೇಲೆ ನಿಷೇಧ ಬಂತು. ಮೂಲ ಭಾಗವೇ ಬೇಕೆಂಬ ಹಟ ಇಲ್ಲಿ ಜೀವಕ್ಕೆ ಅಪಾಯ. ಹೊಸದೆಲ್ಲ ಒಳ್ಳೆಯದೆಂದೂ ಅಲ್ಲ. ಅಗ್ಗದ ರಬ್ಬರು ಬುಷ್ ನೋಡಲು ಮೂಲದಂತೆಯೇ ಇದ್ದು ಬೇಗನೆ ಸೀಳುವುದುಂಟು.

ಹಾಗಾದರೆ ಯಾವುದು ಒಳ್ಳೆಯದೆಂದು ತಿಳಿಯುವುದು ಹೇಗೆ? ಬಳಸಿದವರನ್ನು ಕೇಳಿ! ಎಂಜಿ ಮಾಲೀಕರ ಸಂಘವೊಂದು 1930ರಿಂದ ಇದೆ. ಇನ್ನೊಂದು 1973ರಲ್ಲಿ ಆರಂಭವಾಯಿತು. ಯಾವ ಭಾಗ ಬಾಳಿತು, ಯಾವುದು ಕೈಕೊಟ್ಟಿತು ಎಂಬುದನ್ನು ಸದಸ್ಯರು ಬರೆದಿಟ್ಟು ಹಂಚಿಕೊಂಡರು. ಐದು ಲಕ್ಷ ಕಾರು ಇದ್ದುದರಿಂದ ಗಿರಾಕಿಗಳೂ ಇದ್ದರು, ಗಿರಾಕಿಗಳಿದ್ದುದರಿಂದ ತಯಾರಿಸುವವರೂ ಹುಟ್ಟಿಕೊಂಡರು. ಕೆಲವೇ ನೂರು ತಯಾರಾದ ಕಾರಿಗೆ ಈ ಭಾಗ್ಯವಿಲ್ಲ. ಅದರ ಒಡೆಯರು ಒಂದೊಂದು ಭಾಗವನ್ನೂ ಕೈಯಲ್ಲೇ ಮಾಡಿಸಬೇಕು.

ಒಂದು ಕಾರು ಬದುಕಿ ಉಳಿಯುವುದು ಬರೀ ಹಣದಿಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಯಾರೋ ಅಚ್ಚನ್ನು ಕರಗಿಸಲಿಲ್ಲ, ಯಾರೋ ದಾಖಲೆಯ ಪುಸ್ತಕವನ್ನು ರದ್ದಿಗೆ ಹಾಕಲಿಲ್ಲ, ಯಾರೋ ಕಂಡದ್ದನ್ನು ಬರೆದಿಟ್ಟರು. ತಂದೆತಾಯಿಗಳು ಮನೆಯ ಪಂಪು, ಫ್ಯಾನು, ಹೊಲಿಗೆಯಂತ್ರಗಳ ಕೈಪಿಡಿಗಳನ್ನು ಒಂದು ಫೈಲಿನಲ್ಲಿಟ್ಟು, ಮಾಡೆಲ್ ನಂಬರನ್ನು ಮಕ್ಕಳಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದರೆ ಮುಂದೊಂದು ದಿನ ಉಪಕಾರಕ್ಕೆ ಬರುತ್ತದೆ.

ಮಾಡಿ ನೋಡಿ: ಮುಚ್ಚಳವಿರುವ ರಟ್ಟಿನ ಚಪ್ಪಲಿ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ಮುಚ್ಚಳವನ್ನು ಸುತ್ತಲೂ ಅಂಟುಪಟ್ಟಿಯಿಂದ ಬಿಗಿದು, ಎರಡು ತುದಿ ಹಿಡಿದು ತಿರುಚಿ ನೋಡಿ. ಈಗ ಮುಚ್ಚಳ ತೆಗೆದು ತಿರುಚಿ. ಆಮೇಲೆ ಎರಡು ಪಕ್ಕದ ಗೋಡೆಗಳನ್ನು ನಡುವೆ ಕತ್ತರಿಸಿ ಬಾಗಿಲು ಮಾಡಿ, ಮತ್ತೆ ತಿರುಚಿ, ಬಗ್ಗಿಸಿ ನೋಡಿ. ಕೊನೆಗೆ ಬಾಗಿಲುಗಳ ಕೆಳಗೆ ಉದ್ದಕ್ಕೆ, ರಟ್ಟನ್ನು ಮಡಚಿ ಮಾಡಿದ ಕೊಳವೆಗಳನ್ನು ಅಂಟಿಸಿ, ಒಣಗಿದ ಮೇಲೆ ಇನ್ನೊಮ್ಮೆ ಬಗ್ಗಿಸಿ. ಹೊಸ್ತಿಲಿನ ಮಹಿಮೆ ನಿಮ್ಮ ಕೈಗೇ ತಿಳಿಯುತ್ತದೆ.